ಲೋನ್ ಸಿಗುತ್ತದೆ ಅಂದರೆ ಫ್ಲ್ಯಾಟ್‌ನ ಪೇಪರ್ ಸರಿ ಇದೆ ಅಂತಲೇ?

ಪ್ರಶ್ನೆ: ಮೇಡಂ, ನನಗೆ 32 ವರ್ಷ. ಊರು ದಾವಣಗೆರೆ, ಕೆಲಸ ಬೆಂಗಳೂರಿನಲ್ಲಿ. ನನ್ನ ಸಂಬಳ 70 ಸಾವಿರ, ಹೆಂಡತಿಯದು 40 ಸಾವಿರ ಕೈಗೆ ಬರುತ್ತದೆ. ಬಾಡಿಗೆ 22 ಸಾವಿರ. ಉಳಿತಾಯ 14 ಲಕ್ಷ ಇದೆ. ಎಂಟು ವರ್ಷ ಹಳೆಯ ಎರಡು ಬೆಡ್‌ರೂಮಿನ ಫ್ಲ್ಯಾಟ್ ನೋಡಿದ್ದೇವೆ. ಬೆಲೆ 78 ಲಕ್ಷ. ಇರುವುದು ಬಿ ಖಾತಾ, ಓಸಿ ಇಲ್ಲ. ಮಾರುವವರು ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯಲ್ಲಿ ಸಾಲ ತೆಗೆದು ಕೊಂಡಿದ್ದರಂತೆ. ಅದೇ ಕಂಪನಿ ನಮಗೂ 9.5% ಬಡ್ಡಿಗೆ 62 ಲಕ್ಷ ಕೊಡುತ್ತದೆ, ಪೇಪರ್ ಸರಿ ಇಲ್ಲದಿದ್ದರೆ ಕೊಡ್ತಿದ್ರಾ ಅಂತ ಬ್ರೋಕರ್ ಕೇಳುತ್ತಾರೆ. ಕಡಿಮೆ ಬೀಳುವ ಹಣಕ್ಕೆ 8 ಲಕ್ಷ ಪರ್ಸನಲ್ ಲೋನ್ ತೆಗೆಯುವ ಯೋಚನೆ. ಮಾರುವವರು 65 ಲಕ್ಷಕ್ಕೆ ರಿಜಿಸ್ಟರ್ ಮಾಡಿ, ಉಳಿದ 13 ಲಕ್ಷ ನಗದಾಗಿ ಕೇಳುತ್ತಿದ್ದಾರೆ. ಈ ವಾರವೇ 5 ಲಕ್ಷ ಅಡ್ವಾನ್ಸ್ ಕೊಡಬೇಕಂತೆ. ಬಾಡಿಗೆ ಕಟ್ಟಿ ದುಡ್ಡು ಹಾಳು ಮಾಡಬೇಡ ಅಂತ ಅಪ್ಪ ಪ್ರತಿ ಸಲ ಫೋನ್‌ನಲ್ಲಿ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಈ ವಾರ ಅಡ್ವಾನ್ಸ್ ಕೊಡಬೇಡಿ. ಈ ಫ್ಲ್ಯಾಟ್ ಅನ್ನು ಈ ಲೆಕ್ಕದಲ್ಲಿ ಕೊಳ್ಳಬೇಡಿ. ಕಾರಣ ಉದ್ದ ಇದೆ.

ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಪೇಪರ್ ಸರಿ ಇದೆಯೋ ಇಲ್ಲವೋ ಅನ್ನುವುದು ಒಂದು. ಈಗ ಕೊಳ್ಳದಿದ್ದರೆ ಇನ್ನು ಯಾವತ್ತೂ ಆಗುವುದಿಲ್ಲವೇನೋ ಅನ್ನುವುದು ಇನ್ನೊಂದು. ಎರಡಕ್ಕೂ ಬ್ರೋಕರ್ ಕೊಟ್ಟ ಸಮಾಧಾನ ಒಂದೇ: ಲೋನ್ ಸಿಗುತ್ತದೆ. ನಾನು ಕೆಲವು ವರ್ಷ ಬ್ಯಾಂಕುಗಳ ಪ್ಯಾನೆಲ್ ವಕೀಲೆಯಾಗಿ ಇದೇ ಲೀಗಲ್ ರಿಪೋರ್ಟ್‌ಗಳನ್ನು ಬರೆದವಳು. ಹಾಗಾಗಿ ಆ ಮಾತಿಗೆ ಎಷ್ಟು ಬೆಲೆ ಕೊಡಬೇಕು ಅಂತ ಹೇಳಬಲ್ಲೆ.

ಪ್ಯಾನೆಲ್ ವಕೀಲರು ರಿಪೋರ್ಟ್ ಬರೆಯುವುದು ಬ್ಯಾಂಕಿನ ಹೆಸರಿಗೆ. ಫೀಸು ನೀವು ಕಟ್ಟುತ್ತೀರಿ, ಆದರೆ ಕಕ್ಷಿದಾರ ಬ್ಯಾಂಕು. ಬ್ಯಾಂಕು ಕೇಳುವ ಪ್ರಶ್ನೆಯೂ ಬೇರೆ. ಸಾಲ ವಾಪಸ್ ಬರದಿದ್ದರೆ ಈ ಆಸ್ತಿ ಮಾರಿ ನನ್ನ ದುಡ್ಡು ತೆಗೆಯಬಹುದಾ ಅನ್ನುವುದಷ್ಟೇ ಅದಕ್ಕೆ ಬೇಕು. 78 ಲಕ್ಷದ ಮನೆಗೆ 62 ಕೊಟ್ಟವರಿಗೆ 16 ಲಕ್ಷದ ಅಂತರ ಇರುತ್ತದೆ. ಜೊತೆಗೆ ನಿಮ್ಮ ಸಂಬಳ, ಸಿಬಿಲ್ (ಹಳೆ ಸಾಲಗಳನ್ನು ಹೇಗೆ ತೀರಿಸಿದಿರಿ ಅನ್ನುವ ದಾಖಲೆ, ಅಂಕ), ನಿಮ್ಮಿಬ್ಬರ ಸಹಿ. ಪೇಪರ್‌ನಲ್ಲಿ ತೊಂದರೆ ಬಂದರೂ ನೀವು ಕಂತು ಕಟ್ಟುತ್ತಲೇ ಇರಬೇಕು. ಅವರ ಮೊದಲ ನಷ್ಟ ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಇನ್ನು ರಿಪೋರ್ಟಿನ ಕೊನೆಯಲ್ಲಿ 'ಟೈಟಲ್ (ಮಾಲೀಕತ್ವದ ಹಕ್ಕು) ಸರಿ ಇದೆ, ಆದರೆ ಈ ಕೆಳಗಿನವುಗಳಿಗೆ ಒಳಪಟ್ಟು' ಅಂತ ಒಂದು ಸಾಲು ಇರುತ್ತದೆ. ಅದರ ಕೆಳಗೆ ನಾಲ್ಕಾರು ಷರತ್ತು. ಅಸಲಿ ವಿಷಯ ಇರುವುದೇ ಅಲ್ಲಿ. ಬಹಳ ಜನ ಕೊಳ್ಳುವವರು ಆ ಹಾಳೆಯನ್ನು ನೋಡಿಯೇ ಇರುವುದಿಲ್ಲ.

ಒಂದು ಸಲ ಹೀಗೆ ಕಡತ ನನ್ನ ಮುಂದೆ ಬಂತು. ಫ್ಲ್ಯಾಟ್ ಕಟ್ಟಿದ ಜಮೀನು ಅಣ್ಣತಮ್ಮಂದಿರದು. ಅವರು ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ ಮಾಡಿಕೊಂಡಿದ್ದರು. ವಂಶವೃಕ್ಷದಲ್ಲಿ ಇಬ್ಬರು ಹೆಣ್ಣುಮಕ್ಕಳ ಹೆಸರಿತ್ತು, ಒಪ್ಪಂದದಲ್ಲಿ ಅವರ ಸಹಿ ಇರಲಿಲ್ಲ. ರಿಪೋರ್ಟಿನ ಷರತ್ತಿನಲ್ಲಿ 'ಹಕ್ಕು ಬಿಡುಗಡೆ ಪತ್ರ ಪಡೆಯಬೇಕು' ಅಂತ ಒಂದು ಸಾಲು ಇತ್ತು. ಸಾಲ ಕೊಡುವ ಗಡಿಬಿಡಿಯಲ್ಲಿ ಆ ಸಾಲನ್ನು ಯಾರೂ ಬೆನ್ನುಹತ್ತಲಿಲ್ಲ. ಆಮೇಲೆ ಅಕ್ಕತಂಗಿಯರು ಪಾಲಿನ ದಾವೆ ಹಾಕಿದರು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಅಂತ ದೇಶದ ಕಾನೂನು ಬದಲಾದದ್ದು 2005ರಲ್ಲಿ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಆ ಪಾಲು ಸಿಗಲು 2005ರಲ್ಲಿ ಅಪ್ಪ ಬದುಕಿರಬೇಕೆಂದೇನೂ ಇಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಬೆಂಗಳೂರಿನ ಸುತ್ತಮುತ್ತ ಹಳ್ಳಿ ಜಮೀನಿನ ಮೇಲೆ ಎದ್ದ ಅಪಾರ್ಟ್‌ಮೆಂಟ್‌ಗಳಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ, ಖಾತೆಯನ್ನಲ್ಲ.

ಈಗ ಖಾತೆಗೆ ಬರೋಣ. ಖಾತೆ ಅಂದರೆ ಆಸ್ತಿ ತೆರಿಗೆಯ ಲೆಕ್ಕ, ಮಾಲೀಕತ್ವದ ಪತ್ರ ಅಲ್ಲ. ಎ ಖಾತಾ ಇದ್ದರೆ ಟೈಟಲ್ ಕ್ಲಿಯರ್ ಅನ್ನುವುದು ಎಷ್ಟು ತಪ್ಪೋ, ಬಿ ಖಾತಾ ಅಂದರೆ ಮಾರಿದವರಿಗೆ ಹಕ್ಕೇ ಇಲ್ಲ ಅನ್ನುವುದೂ ಅಷ್ಟೇ ತಪ್ಪು. ನಿಯಮ ಮೀರಿದ ಬಡಾವಣೆ, ಕಟ್ಟಡಗಳಿಂದಲೂ ತೆರಿಗೆ ವಸೂಲಾಗಲಿ ಅಂತ ಪಾಲಿಕೆ ಬೇರೆ ಪುಸ್ತಕ ಇಟ್ಟಿತು. ಬಿ ಅಂದರೆ ಆ ಪುಸ್ತಕ. ಹೀಗಾಗಿ ಬಿ ಖಾತಾ ಕಂಡರೆ, ಅದು ಯಾಕೆ ಬಿ ಆಯಿತು ಅಂತ ಕೇಳಬೇಕು. ಕೃಷಿ ಜಮೀನನ್ನು ಡಿಸಿ ಕನ್ವರ್ಷನ್ (ಬೇರೆ ಬಳಕೆಗೆ ಜಿಲ್ಲಾಧಿಕಾರಿಯ ಅನುಮತಿ) ಮಾಡಿಸದೆ ಸೈಟ್ ಹಾಕಿದರೇ? ಬಡಾವಣೆಯ ನಕ್ಷೆಗೆ ಮಂಜೂರಾತಿ ಇರಲಿಲ್ಲವೇ? ಅಥವಾ ಮೂರು ಮಹಡಿಗೆ ಅನುಮತಿ ತೆಗೆದು ಐದು ಕಟ್ಟಿದರೇ? ಮೊದಲ ಎರಡಕ್ಕೆ ಏನಾದರೂ ದಾರಿ ಇರಬಹುದು. ಮೂರನೆಯದು ಕಷ್ಟ. ನಿಮ್ಮ ಫ್ಲ್ಯಾಟ್ ಆ ಹೆಚ್ಚುವರಿ ಮಹಡಿಯಲ್ಲೇ ಇದ್ದರಂತೂ ಮುಟ್ಟಲೇಬೇಡಿ.

ಇ-ಖಾತಾ (ಆನ್‌ಲೈನ್ ಖಾತೆ) ಬಂದಿದೆಯಲ್ಲ, ಇನ್ನೇನು ಭಯ ಅಂತ ಕೆಲವರು ಕೇಳುತ್ತಾರೆ. ಇ-ಖಾತಾ ಇಲ್ಲದೆ ಈಗ ಬೆಂಗಳೂರಿನಲ್ಲಿ ನೋಂದಣಿ ಆಗುವುದಿಲ್ಲ, ನಿಜ. ಆದರೆ ಇ-ಖಾತಾದಲ್ಲೂ ಎ ಇದೆ, ಬಿ ಇದೆ. ಇನ್ನು ಬಿ ಖಾತಾ ನಿವೇಶನಗಳನ್ನು ಎ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ. ಅದರಿಂದ ಜಾಗದ ಖಾತೆ ಬದಲಾಗಬಹುದು, ನಕ್ಷೆ ಮೀರಿ ಕಟ್ಟಿದ ಗೋಡೆ ಸಕ್ರಮ ಆಗುವುದಿಲ್ಲ. ದಂಡ ಕಟ್ಟಿಸಿಕೊಂಡು ನಿಯಮ ಮೀರಿದ ಕಟ್ಟಡವನ್ನು ಒಪ್ಪುವ ಅಕ್ರಮ ಸಕ್ರಮ ಬರುತ್ತೆ ಬಿಡಿ ಅನ್ನುವ ಮಾತನ್ನಂತೂ ನಂಬಬೇಡಿ. ಆ ಯೋಜನೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿತ್ತು. ಅದರ ಆಸೆ ತೋರಿಸಿ ಫ್ಲ್ಯಾಟ್ ಮಾರುವುದು ಮಾತ್ರ ನಿಂತಿಲ್ಲ.

ಓಸಿ, ಅಂದರೆ ಸ್ವಾಧೀನಾನುಭವ ಪತ್ರ, ಖಾತೆಗಿಂತ ದೊಡ್ಡ ವಿಷಯ. ಮಂಜೂರಾದ ನಕ್ಷೆಯ ಪ್ರಕಾರ ಕಟ್ಟಿದ್ದಾರೆ, ಜನ ವಾಸಿಸಬಹುದು ಅಂತ ಪಾಲಿಕೆ ಕೊಡುವ ಪತ್ರ ಅದು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಸೂಚನೆ ಕೊಟ್ಟಿತು. ಈ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರಿನ ಸಂಪರ್ಕ ಕೊಡಬೇಕು. ಕಟ್ಟಡದ ಮೇಲೆ ಸಾಲ ಕೊಡುವ ಬ್ಯಾಂಕುಗಳೂ ಇದನ್ನು ಪರಿಶೀಲಿಸಬೇಕು. ಎಂಟು ವರ್ಷದ ಹಿಂದೆ ಈ ಫ್ಲ್ಯಾಟ್‌ಗೆ ಸಾಲ ಕೊಟ್ಟಿದ್ದಾರೆ ಅನ್ನುವುದು ಇವತ್ತಿಗೆ ಲೆಕ್ಕಕ್ಕೆ ಬರುವುದಿಲ್ಲ. ನಾಳೆ ನೀವು ಮಾರಲು ಹೋದಾಗ ಕೊಳ್ಳುವವರಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ ಅಂತ ಯೋಚಿಸಿ. ಈಗಲೇ ನಿಮಗೆ ಬ್ಯಾಂಕಿನ ದರ ಸಿಗದೆ 9.5%ಕ್ಕೆ ಹೋಗಬೇಕಾಗಿ ಬಂದಿದೆ ಅನ್ನುವುದೇ ಒಂದು ಉತ್ತರ.

ಬಡ್ಡಿಯ ವಿಷಯ ಬಂತು, ಇನ್ನೊಂದು ಮಾತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಬದಲಾಗುವ ಬಡ್ಡಿಯ ಗೃಹಸಾಲವನ್ನು ರೆಪೊ ದರದಂತಹ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಹೊರಗಿನ ಅಳತೆಗೆ ಜೋಡಿಸಲೇಬೇಕು. ರಿಸರ್ವ್ ಬ್ಯಾಂಕ್ ದರ ಇಳಿಸಿದರೆ ನಿಮಗೂ ಇಳಿಯುತ್ತದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಈ ನಿಯಮ ಇಲ್ಲ. ಅವರು ತಮ್ಮದೇ ಮೂಲ ದರ ಇಟ್ಟುಕೊಂಡಿರುತ್ತಾರೆ. ಏರುವಾಗ ಬೇಗ ಏರುತ್ತದೆ, ಇಳಿಯುವಾಗ ನಿಧಾನ. ಅರ್ಜಿ ಕೊಟ್ಟು, ಶುಲ್ಕ ಕಟ್ಟಿ ಇಳಿಸಿಕೊಳ್ಳಬೇಕಾದ ಸಂದರ್ಭಗಳೂ ಇರುತ್ತವೆ.

ಇನ್ನು ಆ 13 ಲಕ್ಷ ನಗದು. ಬ್ರೋಕರ್ ಹೇಳುವ ಸಾಲಕ್ಕೂ ಮಾರುವವರು ಕೇಳುವ ನಗದಿಗೂ ಇಲ್ಲಿ ಹೊಂದುವುದಿಲ್ಲ, ನೀವು ಗಮನಿಸಿಲ್ಲ. ಸಾಲದ ಮಿತಿಯನ್ನು ರಿಸರ್ವ್ ಬ್ಯಾಂಕ್ ಕಟ್ಟಿಹಾಕಿದೆ. 30 ಲಕ್ಷದವರೆಗಿನ ಸಾಲಕ್ಕೆ ಮನೆ ಬೆಲೆಯ 90%, 30ರಿಂದ 75 ಲಕ್ಷದ ಸಾಲಕ್ಕೆ 80%, ಅದಕ್ಕೂ ಮೇಲೆ 75%. ಅದಕ್ಕಿಂತ ಜಾಸ್ತಿ ಯಾರೂ ಕೊಡುವಂತಿಲ್ಲ. 62 ಲಕ್ಷ ಬರುವುದು 78 ಲಕ್ಷದ ಅಗ್ರಿಮೆಂಟ್ ತೋರಿಸಿದರೆ. 65 ಲಕ್ಷ ತೋರಿಸಿದರೆ ಸಾಲ 52 ಲಕ್ಷಕ್ಕೆ ನಿಲ್ಲುತ್ತದೆ.

ಲೆಕ್ಕ ಹಾಕಿ ನೋಡೋಣ. ಕರ್ನಾಟಕದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಸ್ಟಾಂಪ್ ಡ್ಯೂಟಿ 5%. ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6% ಆಗುತ್ತದೆ. ನೋಂದಣಿ ಶುಲ್ಕ ಮೊದಲು 1% ಇತ್ತು, 2025ರ ಆಗಸ್ಟ್ ಕೊನೆಯಿಂದ 2%. ಒಟ್ಟು 7.6%. ಇದಕ್ಕೆ ಸಾಲ ಸಿಗುವುದಿಲ್ಲ, ಕೈಯಿಂದಲೇ ಕಟ್ಟಬೇಕು. 78 ಲಕ್ಷಕ್ಕೇ ನೋಂದಣಿ ಮಾಡಿಸಿದರೆ ಇದು 5.93 ಲಕ್ಷ. ಸಾಲ ಬಿಟ್ಟು ನಿಮ್ಮ ಪಾಲಿನ 16 ಲಕ್ಷ ಸೇರಿಸಿದರೆ ಸುಮಾರು 22 ಲಕ್ಷ. 65 ಲಕ್ಷಕ್ಕೆ ಮಾಡಿಸಿದರೆ ಶುಲ್ಕ 4.94 ಲಕ್ಷ. ಆದರೆ ನಿಮ್ಮ ಪಾಲು 13 ಲಕ್ಷ, ಮೇಲೆ ನಗದು 13 ಲಕ್ಷ. ಒಟ್ಟು 31 ಲಕ್ಷದ ಹತ್ತಿರ. ಒಂದು ಲಕ್ಷ ಉಳಿಸಲು ಹೋಗಿ ಒಂಬತ್ತು ಲಕ್ಷ ಜಾಸ್ತಿ ಹೊಂದಿಸಬೇಕು. ಮಾರುವವರಿಗೆ ಆದಾಯ ತೆರಿಗೆ ಉಳಿಯುತ್ತದೆ, ಸರಿ. ನಿಮಗೇನು ಬಂತು? ನಾಳೆ ನೀವು ಮಾರುವಾಗ ಕೊಂಡ ಬೆಲೆ 65 ಅಂತಲೇ ಲೆಕ್ಕ, ಆ 13 ಲಕ್ಷಕ್ಕೂ ಲಾಭ ಅಂತ ತೆರಿಗೆ ಬೀಳುತ್ತದೆ. ಮಧ್ಯದಲ್ಲಿ ವ್ಯವಹಾರ ಮುರಿದುಬಿದ್ದರೆ ನಗದು ಕೊಟ್ಟದ್ದಕ್ಕೆ ಸಾಕ್ಷಿ ಇಲ್ಲ. ಸ್ಥಿರಾಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಹಣವನ್ನು ನಗದಾಗಿ ಪಡೆಯುವುದನ್ನೇ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಈಗ ಸಂಬಳ ಮತ್ತು ಕಂತು. ನನಗೆ ಪೇಪರ್‌ಗಿಂತ ಜಾಸ್ತಿ ಚಿಂತೆ ಆದದ್ದು ಇದನ್ನು ಓದಿ.

62 ಲಕ್ಷ, 9.5%, 20 ವರ್ಷ. ಕಂತು ಸುಮಾರು 57,800. ಪರ್ಸನಲ್ ಲೋನ್ 8 ಲಕ್ಷಕ್ಕೆ 13%ರಂತೆ ಐದು ವರ್ಷಕ್ಕೆ ಕಂತು 18,200. ಸೇರಿ 76 ಸಾವಿರ. ಮನೆಯ ಮೆಂಟೆನೆನ್ಸ್ ಬೇರೆ. 1.10 ಲಕ್ಷದಲ್ಲಿ ಉಳಿಯುವುದು 34 ಸಾವಿರ. ಅದರಲ್ಲಿ ದಿನಸಿ, ಪೆಟ್ರೋಲ್, ಊರಿಗೆ ಕಳಿಸುವುದು, ಹಬ್ಬ, ಆಸ್ಪತ್ರೆ ಎಲ್ಲ. ನಿಮ್ಮ ಹೆಂಡತಿ ಕೆಲಸ ಬಿಡಬೇಕಾಗಿ ಬಂದರೆ, ಮಗು ಆಗಿ ಒಂದು ವರ್ಷ ಮನೆಯಲ್ಲಿರಬೇಕಾದರೂ ಸರಿ, ನಿಮ್ಮ ಸಂಬಳ 70 ಸಾವಿರ, ಕಂತು 76 ಸಾವಿರ. ಸಾಲ ಕೊಡುವವರು ಎರಡು ಸಂಬಳವನ್ನೂ 20 ವರ್ಷ ಹೀಗೇ ಬರುತ್ತದೆ ಅಂದುಕೊಂಡು ಅರ್ಹತೆ ಲೆಕ್ಕ ಹಾಕುತ್ತಾರೆ. ನೀವು ಹಾಗೆ ಹಾಕಬೇಕಾಗಿಲ್ಲ. ಗೃಹಸಾಲ ಮಂಜೂರಾಗುವ ಮೊದಲೇ ಪರ್ಸನಲ್ ಲೋನ್ ತೆಗೆದರೆ ಅದು ಸಿಬಿಲ್‌ನಲ್ಲಿ ಕಾಣುತ್ತದೆ, ಅರ್ಹತೆಯೇ ಇಳಿಯುತ್ತದೆ. ಅದಕ್ಕೇ ಕೆಲವು ಏಜೆಂಟರು ಮೊದಲು ಮನೆ ಸಾಲ, ಮರುದಿನ ಪರ್ಸನಲ್ ಲೋನ್ ಅಂತ ಕಿವಿಯಲ್ಲಿ ಹೇಳುತ್ತಾರೆ. ಅಂದರೆ ಸಾಲ ಕೊಡುವವನಿಗೂ ಹೆಚ್ಚೆನಿಸುವ ಭಾರವನ್ನು ಅವನಿಂದ ಮುಚ್ಚಿಟ್ಟು ನೀವು ಹೊರಬೇಕು.

ಬಡ್ಡಿ ಏರಿದರೆ? 2022ರ ಮೇನಿಂದ 2023ರ ಫೆಬ್ರುವರಿವರೆಗೆ ರೆಪೊ ದರ 4ರಿಂದ 6.5%ಕ್ಕೆ ಹೋಯಿತು, ಒಂದು ವರ್ಷವೂ ಹಿಡಿಯಲಿಲ್ಲ. ಆಗ ಬಹಳ ಜನರಿಗೆ ಕಂತು ಬದಲಾಗಲಿಲ್ಲ, ಅವಧಿ ಬೆಳೆಯಿತು. ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ನಿಮ್ಮ ಸಾಲದಲ್ಲಿ ಬಡ್ಡಿ 9.5ರಿಂದ 10.5 ಆಗಿ ಕಂತು ಅಷ್ಟೇ ಉಳಿದರೆ, 240 ಕಂತು 320 ಆಗುತ್ತದೆ. ಒಂದೇ ಒಂದು ಪರ್ಸೆಂಟ್‌ಗೆ ಆರೂವರೆ ವರ್ಷ ಜಾಸ್ತಿ! ಇಂಥ ದೂರುಗಳು ಹೆಚ್ಚಾದ ಮೇಲೆ ರಿಸರ್ವ್ ಬ್ಯಾಂಕ್ 2023ರಲ್ಲಿ ಒಂದು ಸೂಚನೆ ಕೊಟ್ಟಿತು. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡೂ ಸ್ವಲ್ಪ ಸ್ವಲ್ಪವೋ ಅನ್ನುವ ಆಯ್ಕೆಯನ್ನು ಸಾಲಗಾರರಿಗೆ ಕೊಡಬೇಕು. ಯಾವ ಮನೆ ಕೊಂಡರೂ ಇದನ್ನು ನೆನಪಿಡಿ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಅನ್ನುವುದೂ ತಿಳಿದಿರಲಿ. ವರ್ಷಕ್ಕೆ ಒಂದು ಕಂತು ಹೆಚ್ಚಿಗೆ ಕಟ್ಟಿದರೂ ಮೂರ್ನಾಲ್ಕು ವರ್ಷ ಉಳಿಯುತ್ತದೆ.

ನಿಮ್ಮ ತಂದೆಯವರ ಮಾತು. ಅವರು ಹೇಳುವುದರಲ್ಲಿ ಅನುಭವ ಇದೆ. ಅವರ ಕಾಲದಲ್ಲಿ ಬಾಡಿಗೆಗೂ ಕಂತಿಗೂ ಇಷ್ಟು ದೂರ ಇರಲಿಲ್ಲ. ಈಗ ನಿಮ್ಮ ಮೊದಲ ತಿಂಗಳ 57,800 ಕಂತಿನಲ್ಲಿ 49 ಸಾವಿರ ಬರೀ ಬಡ್ಡಿ, ಅಸಲಿಗೆ ಹೋಗುವುದು 8,700. ಬಾಡಿಗೆ 22 ಸಾವಿರ ವಾಪಸ್ ಬರುವುದಿಲ್ಲ, ನಿಜ. ಬಡ್ಡಿ 49 ಸಾವಿರವೂ ವಾಪಸ್ ಬರುವುದಿಲ್ಲ. ಸ್ವಂತ ಮನೆಯ ನೆಮ್ಮದಿಗೆ ಬೆಲೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 'ಬಾಡಿಗೆ ದಂಡ' ಅನ್ನುವ ಒಂದೇ ವಾದದ ಮೇಲೆ ಈ ಫ್ಲ್ಯಾಟ್ ನಿಲ್ಲುವುದಿಲ್ಲ. ಬಡ್ಡಿಗೆ ತೆರಿಗೆ ವಿನಾಯಿತಿ ಸಿಗುತ್ತದಲ್ಲ ಅನ್ನಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಅದು ಇಲ್ಲ.

ಹಾಗಾದರೆ ದಾರಿ ಏನು? ನಾನು ನಿಮ್ಮ ಜಾಗದಲ್ಲಿದ್ದರೆ ಕಾಯುತ್ತಿದ್ದೆ. ಸುಮ್ನೆ ಅಲ್ಲ, ಲೆಕ್ಕ ಇಟ್ಟು. ತಿಂಗಳಿಗೆ 40 ಸಾವಿರ ಉಳಿಸಲು ನಿಮ್ಮಿಬ್ಬರಿಂದ ಆದರೆ ಎರಡು ವರ್ಷಕ್ಕೆ 9.6 ಲಕ್ಷ. ಈಗಿನದಕ್ಕೆ ಸೇರಿಸಿ 23 ಲಕ್ಷ ದಾಟುತ್ತದೆ. ಅದರಲ್ಲಿ 4 ಲಕ್ಷ ಕಷ್ಟಕಾಲಕ್ಕೆ ಬದಿಗಿಟ್ಟರೆ, ಉಳಿದ ಹಣದಲ್ಲಿ 66 ಲಕ್ಷದ ಮನೆಗೆ ನಿಮ್ಮ ಪಾಲು, ಸ್ಟಾಂಪ್ ಡ್ಯೂಟಿ, ಚಿಲ್ಲರೆ ಖರ್ಚು ಎಲ್ಲ ಆಗುತ್ತದೆ. ಓಸಿ ಇರುವ ಮನೆಗೆ ಬ್ಯಾಂಕಿನಲ್ಲಿ 8%ರ ಆಸುಪಾಸಿಗೆ ಸಾಲ ಸಿಕ್ಕರೆ ಕಂತು 44 ಸಾವಿರ. ಅಪಾಯ ಇಲ್ಲವೇ? ಇದೆ. ಎರಡು ವರ್ಷದಲ್ಲಿ ಬೆಲೆ ಏರಬಹುದು. ಆಗ ಸ್ವಲ್ಪ ದೂರದ ಅಥವಾ ಸಣ್ಣ ಮನೆಗೆ ಒಪ್ಪಬೇಕು. ಪೇಪರ್ ಇಲ್ಲದ ದೊಡ್ಡ ಮನೆಗಿಂತ ಅದು ಎಷ್ಟೋ ವಾಸಿ.

ಕಟ್ಟುತ್ತಿರುವ ಪ್ರಾಜೆಕ್ಟ್‌ನಲ್ಲಿ ಬುಕ್ ಮಾಡುವುದು ಇನ್ನೊಂದು ದಾರಿ. ಹಂತ ಹಂತವಾಗಿ ದುಡ್ಡು ಕೊಡಬಹುದು ಅನ್ನುವುದು ಅನುಕೂಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಇರಲೇಬೇಕು, ನೋಂದಾಯಿತ ಒಪ್ಪಂದ ಇಲ್ಲದೆ ಬೆಲೆಯ 10%ಕ್ಕಿಂತ ಜಾಸ್ತಿ ಕೇಳುವಂತಿಲ್ಲ. ಆದರೆ 5% ಜಿಎಸ್‌ಟಿ ಸೇರುತ್ತದೆ. ಓಸಿ ಬಂದ ಮೇಲೆ ಕೊಂಡರೆ ಅದು ಇಲ್ಲ. ಬಾಡಿಗೆ ಮತ್ತು ಬಡ್ಡಿ ಎರಡನ್ನೂ ಒಟ್ಟಿಗೆ ಕಟ್ಟುವ ಕಾಲ ಬರುತ್ತದೆ. ಬಿಲ್ಡರ್ ತಡ ಮಾಡಿದರೆ ರೇರಾದಲ್ಲಿ ಆದೇಶ ಸಿಗಬಹುದು, ಅದರ ಹಣ ವಸೂಲಿಗೆ ಜಿಲ್ಲಾಧಿಕಾರಿ ಕಚೇರಿಯ ದಾರಿ ಕಾಯಬೇಕು. ನಿಮ್ಮ ಬಜೆಟ್‌ಗೆ ಆ ತಡ ತಡೆದುಕೊಳ್ಳುವ ಶಕ್ತಿ ಇಲ್ಲ ಅನ್ನಿಸುತ್ತದೆ.

ದಾವಣಗೆರೆಯಲ್ಲಿ ಸೈಟ್ ತೆಗೆದಿಡುವ ಯೋಚನೆ ಬಂದರೆ, ನಗರಾಭಿವೃದ್ಧಿ ಪ್ರಾಧಿಕಾರ ಅನುಮೋದಿಸಿದ ಬಡಾವಣೆ ಬಿಟ್ಟು ರೆವಿನ್ಯೂ ಸೈಟ್ (ಅನುಮೋದನೆ ಇಲ್ಲದೆ ಕೃಷಿ ಜಮೀನಿನಲ್ಲಿ ಹಾಕಿದ ಸೈಟ್) ಕಡೆ ನೋಡಬೇಡಿ. ಅಷ್ಟು ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ಈ ಫ್ಲ್ಯಾಟ್ ಮೇಲೇ ಮನಸ್ಸಿದ್ದರೆ, ಹಣ ಕೊಡುವ ಮೊದಲು ನಿಮ್ಮದೇ ವಕೀಲರಿಗೆ ಕಡತ ಕೊಡಿ. ಬ್ರೋಕರ್ ತೋರಿಸಿದವರಿಗಲ್ಲ. ಮೂಲಪತ್ರದಿಂದ ಈವರೆಗಿನ ಕ್ರಯಪತ್ರಗಳು, ಕನ್ವರ್ಷನ್ ಆದೇಶ, ಮಂಜೂರಾದ ನಕ್ಷೆ, ಜಮೀನು ಮಾಲೀಕರ ವಂಶವೃಕ್ಷ, ಜಂಟಿ ಅಭಿವೃದ್ಧಿ ಒಪ್ಪಂದ, ಯಾರ ಪಾಲಿಗೆ ಯಾವ ಫ್ಲ್ಯಾಟ್ ಅನ್ನುವ ಹಂಚಿಕೆ ಪತ್ರ ಬೇಕು. ಜಮೀನು ಪರಿಶಿಷ್ಟರಿಗೆ ಮಂಜೂರಾಗಿದ್ದಲ್ಲ ಅನ್ನುವುದನ್ನೂ ನೋಡಿಸಿ. 1978ರ ಕಾನೂನಿನ ಪ್ರಕಾರ ಅಂಥ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ ಆ ಮಾರಾಟವೇ ಊರ್ಜಿತವಲ್ಲ. ಇಸಿ (ಋಣಭಾರ ಪ್ರಮಾಣಪತ್ರ) ಒಂದನ್ನೇ ನಂಬಬೇಡಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನೋಂದಣಿಯಾಗದ ಅಗ್ರಿಮೆಂಟ್, ಕೋರ್ಟಿನ ದಾವೆ ಅಲ್ಲಿ ಬರುವುದಿಲ್ಲ. ಮಾರುವವರ ಸಾಲ ಇನ್ನೂ ತೀರಿಲ್ಲವಾದರೆ ಅಸಲಿ ಪತ್ರಗಳು ಆ ಕಂಪನಿಯಲ್ಲೇ ಇರುತ್ತವೆ. ಬಾಕಿ ಎಷ್ಟು ಅನ್ನುವ ಪತ್ರವನ್ನು ಕಂಪನಿಯಿಂದಲೇ ತರಿಸಿ.

ಅಗ್ರಿಮೆಂಟ್‌ನಲ್ಲಿ ಒಂದು ಷರತ್ತು ಇರಲೇಬೇಕು: ಪೇಪರ್‌ನಲ್ಲಿ ದೋಷ ಕಂಡರೆ ಅಥವಾ ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್, ಇಷ್ಟು ದಿನದೊಳಗೆ. ಇದನ್ನು ಬರೆಯಲು ಒಪ್ಪದವರ ಜೊತೆ ಮುಂದುವರಿಯಬೇಡಿ. ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಮಾರುವವರಿಗೆ ಕೊಡುವ ಹಣದಲ್ಲೇ 1% ತೆರಿಗೆ (ಟಿಡಿಎಸ್) ಹಿಡಿದು ಕಟ್ಟುವುದು ನಿಮ್ಮ ಜವಾಬ್ದಾರಿ. ಮಾರುವವರ ಪ್ಯಾನ್ ಆಧಾರ್‌ಗೆ ಜೋಡಣೆಯಾಗಿದೆಯೇ ಮೊದಲೇ ನೋಡಿ. ಆಗಿಲ್ಲದಿದ್ದರೆ ಇಲಾಖೆ 20% ಲೆಕ್ಕದಲ್ಲಿ ನೋಟಿಸ್ ಕಳಿಸುವುದು ನಿಮಗೆ, ಅವರಿಗಲ್ಲ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ಈ 1% ನಿಯಮವೇ ಅನ್ವಯಿಸುವುದಿಲ್ಲ, ಹಿಡಿಯಬೇಕಾದ ತೆರಿಗೆ ಬಹಳ ಜಾಸ್ತಿ. ಆಗ ಲೆಕ್ಕಪರಿಶೋಧಕರನ್ನು ಕೇಳದೆ ಹೆಜ್ಜೆ ಇಡಬೇಡಿ.

ಈ ವಾರ ಮಾಡಬೇಕಾದದ್ದು ಇಷ್ಟೇ. ಬ್ರೋಕರ್‌ಗೆ ಫೋನ್ ಮಾಡಿ ಮೂಲಪತ್ರ, ನಕ್ಷೆ, ವಂಶವೃಕ್ಷದ ಪ್ರತಿ ಕೇಳಿ. ಕೊಡಲು ತಡ ಮಾಡಿದರೆ ಬಿಟ್ಟುಬಿಡಿ. ಅಷ್ಟರಲ್ಲಿ ಸುಮ್ಮನೆ ಅರ್ಹತೆ ನೋಡೋಣ ಅಂತ ಐದಾರು ಕಡೆ ಸಾಲದ ಅರ್ಜಿ ಹಾಕಬೇಡಿ. ಪ್ರತಿ ಅರ್ಜಿಯೂ ಸಿಬಿಲ್‌ನಲ್ಲಿ ದಾಖಲಾಗುತ್ತದೆ. ಒಳ್ಳೆ ಮನೆ ಸಿಕ್ಕಾಗ ಆ ಸ್ಕೋರ್ ನಿಮಗೆ ಬೇಕಾಗುತ್ತದೆ.